ಹಿಡಿಯ ಮೇಲಿನ ಸುಟ್ಟ ಗುರುತು

ಸ್ಟೋನ್ ಫೋರ್ಕ್, ಮಾಂಟಾನಾ
ಅಕ್ಟೋಬರ್ 14, 1999

ಪ್ರೀತಿಯ ಮಾರಿಟ್,

ನನ್ನ ಮೇಲೆ ನಿನಗೆ ಕೋಪ ಬಂದಿದೆ ಎಂದು ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದು ಅಡುಗೆಮನೆಯ ಗೋಡೆಗೆ, ನಿನ್ನಪ್ಪ ಇಡೀ ದಿನ ಕೂತಿರುವುದು ಅದರ ಕೆಳಗೆ. ಪತ್ರಿಕೆಯ ಕಚೇರಿಯ ಫೋನಿನ ಸುತ್ತ ಎಲ್ಲರ ಕಿವಿ. ಹಾಗಾಗಿ ಇಲ್ಲೇ ಕೂತು, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಯಾರೆಂದು ಕೇಳದೆ ಯಾರಿಗೆ ಬೇಕಾದರೂ ಬಂದೂಕು ಮಾರುವ ಜಾಹೀರಾತುಗಳನ್ನು ನಿಲ್ಲಿಸಿ ಎಂದು ನೀನು ನಮ್ಮ ಪತ್ರಿಕೆಗೆ ಬರೆದೆಯಲ್ಲ, ಅದರ ಮೇಲೆಯೇ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ನಡೆಯಿತು. "ಇವತ್ತು ಬಂದೂಕು, ನಾಳೆ ನನ್ನ ಹಳೇ ಟ್ರಕ್ಕು. ಅದೂ ಜನರನ್ನ ಕೊಲ್ಲತ್ತೆ, ನನ್ನ ಹೆಂಡ್ತಿ ಓಡಿಸಿದ್ರೆ" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಆಮೇಲೆ ನಾನು ಎದ್ದು, ಜಾಹೀರಾತು ಇರಲಿ ಎಂದೆ. ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿ ಅದನ್ನು ಅಚ್ಚು ಮಾಡಿದರು. ನೀನೂ ಓದಿರುತ್ತೀ.

ಕಾರಣವನ್ನು ಅಲ್ಲಿ ಹೇಳಲಿಲ್ಲ. ವಸಂತದಲ್ಲಿ ಲೀಫ್ ಚಿಕ್ಕಪ್ಪ ತೀರಿಹೋದಮೇಲೆ ನಿನ್ನಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಜಿಂಕೆ ಬೇಟೆಯ ಕಾಲ ಬಂತು, ಈ ಸಲ ಪರವಾನಗಿಯನ್ನೇ ಕೊಳ್ಳಲಿಲ್ಲ. ಆದರೆ ಸಭೆಯ ಹಿಂದಿನ ದಿನ ನಾನು ಮನೆಗೆ ಬಂದಾಗ ಎಣ್ಣೆಯ ವಾಸನೆ. ಮೂರು ಬಂದೂಕುಗಳಲ್ಲಿ ಒಂದನ್ನು ಮಾತ್ರ ಬಿಚ್ಚಿ, ಒರೆಸಿ, ಮೇಜಿನ ಮೇಲಿಟ್ಟು ನೋಡುತ್ತಾ ಕೂತಿದ್ದರು. ಬೇಟೆಗೆ ಹೋಗದವರಿಗೆ ಅದು ಯಾಕೆ? ಕೇಳುವ ಬದಲು ಮೇಜಿನ ಇನ್ನೊಂದು ಬದಿಗೆ ತಟ್ಟೆಗಳನ್ನಿಟ್ಟೆ.

ಊರಿನ ಅಂಗಡಿಗೆ ಕೊಟ್ಟರೆ ಸಂಜೆಯೊಳಗೆ ಅವರ ಕಿವಿಗೆ ಬೀಳುತ್ತದೆ. ಹಾಗಾಗಿ ಮೂರನ್ನೂ ನಮ್ಮ ಪತ್ರಿಕೆಯಲ್ಲೇ ಮಾರಾಟಕ್ಕೆ ಹಾಕಿದೆ. ಹೆಸರು, ಫೋನ್ ಯಾವುದೂ ಇಲ್ಲ, ಕಚೇರಿಯ ಪೆಟ್ಟಿಗೆಗೆ ಉತ್ತರ ಬರೆಯಿರಿ ಎಂದಷ್ಟೇ.

ಇವತ್ತಿನ ಪತ್ರಿಕೆಯಲ್ಲಿ ಅದು ಬಂತು, ಮಧ್ಯಾಹ್ನದೊಳಗೆ ಪೆಟ್ಟಿಗೆಯಲ್ಲಿ ಉತ್ತರಗಳು ಬಿದ್ದಿದ್ದವು. ಒಂದರಲ್ಲಿ ಹೀಗಿತ್ತು: ಹೆಸರು ಕೇಳಬೇಡಿ, ಗುಂಡುಗಳೂ ಬೇಕು, ಇವತ್ತೇ ಬೇಕು. ಬಂದೂಕು ಯಾವ ತಯಾರಿಕೆ ಎಂದೂ ಅವನು ವಿಚಾರಿಸಿರಲಿಲ್ಲ. ಆ ಚೀಟಿಯನ್ನು ಎರಡು ಸಲ ಓದಿದೆ, ಮಾರಿಟ್. ನನ್ನ ಮನೆ ಖಾಲಿಯಾಗಲಿ ಎಂದು ಹಾಕಿದ ನಾಲ್ಕು ಸಾಲು ಯಾರ ಮನೆಗೆ ಏನನ್ನು ಕಳಿಸುತ್ತಿತ್ತು? ಅವನಿಗೆ ಉತ್ತರಿಸಲಿಲ್ಲ. ಯಾರಿಗೂ ಉತ್ತರಿಸಲಿಲ್ಲ. ಅವನು ಬೇರೆ ಜಾಹೀರಾತಿಗೂ ಬರೆದಿರಬಹುದು ಎಂಬ ಯೋಚನೆ ಮಾತ್ರ ಹೋಗುತ್ತಿಲ್ಲ. ನಿನ್ನ ಮಾತು ಸರಿ ಎಂದು ಸಂಪಾದಕರಿಗೆ ಇವತ್ತು ಹೇಳುತ್ತೇನೆ.

ಇನ್ನೊಂದು ಎಡವಟ್ಟಾಗಿದೆ. ಇಷ್ಟು ವರ್ಷ ಜಾಹೀರಾತು ಬರೆದುಕೊಂಡವಳು ನಾನು. ವಸ್ತುವಿನಲ್ಲಿ ಐಬಿದ್ದರೆ ಬರೆಸದೆ ಯಾರನ್ನೂ ಬಿಟ್ಟವಳಲ್ಲ. ಅದೇ ಅಭ್ಯಾಸದಲ್ಲಿ "ಒಂದರ ಹಿಡಿಯ ಎಡಕ್ಕೆ ಸಿಗರೇಟಿನಿಂದ ಸುಟ್ಟ ಗುರುತು" ಎಂದು ಬರೆದುಬಿಟ್ಟೆ. ಅದು ಲೀಫ್‌ನ ಸಿಗರೇಟು. ನಿನ್ನಪ್ಪ ಮುಖಪುಟಕ್ಕಿಂತ ಮೊದಲು ಓದುವುದೇ ಬಂದೂಕಿನ ಕಾಲಮ್ಮು. ಇವತ್ತು ಬೆಳಿಗ್ಗೆ ಆ ಸಾಲನ್ನು ಗಟ್ಟಿಯಾಗಿ ಓದಿದರು. ನಾನು ಒಲೆಯ ಕಡೆ ತಿರುಗಿ ನಿಂತೆ.

"ಯಾರೋ ತುಂಬ ಪ್ರಾಮಾಣಿಕರು ಕಣೆ ಹೆಲ್ಗಾ" ಎಂದರು. ಕಾಫಿ ಹಾಗೇ ಆರಿತು.

ಗೊತ್ತಾಯಿತೋ ಇಲ್ಲವೋ ತಿಳಿಯದು. ಗೊತ್ತಾಗಿದ್ದರೆ ಇವತ್ತು ಒಬ್ಬರೇ ಮನೆಯಲ್ಲಿ ಏನು ಯೋಚಿಸುತ್ತಿದ್ದಾರೋ. ಇಲ್ಲಿಗೆ ಬರುವ ಪ್ರತಿ ಫೋನ್ ಕರೆಯನ್ನೂ ನಾನೇ ಓಡಿಹೋಗಿ ಎತ್ತುತ್ತಿದ್ದೇನೆ. ಶನಿವಾರ ಕಾರು ತೆಗೆದುಕೊಂಡು ಬಾ. ಮೂರನ್ನೂ ಒಯ್ದುಬಿಡು. ಅಪ್ಪನ ಜೊತೆ ಕೂತು ಮಾತಾಡು. ನನಗೆ ಆಗದ್ದು ನಿನಗೆ ಆಗಬಹುದು.

ನಿನ್ನ ದಾರಿ ನೋಡುತ್ತಾ,
ಅಮ್ಮ

ಆಮೇಲೆ ಸೇರಿಸಿದ್ದು: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನಪ್ಪ ಕಚೇರಿಗೇ ಬಂದರು, ಕೋಟನ್ನೂ ಹಾಕಿಕೊಳ್ಳದೆ. ನನ್ನನ್ನು ಹೊರಗೆ ಕರೆದು ಟ್ರಕ್ಕಿನ ಬಾಗಿಲು ತೆಗೆದರು. ಹಿಂದಿನ ಸೀಟಿನಲ್ಲಿ ಮೂರೂ ಬಂದೂಕು. ಮುಂದಿನದರಲ್ಲಿ ಅಡುಗೆಮನೆಯ ಟವೆಲ್ಲು ಸುತ್ತಿದ ಗಂಟು. ಒಳಗೊಂದು ಪಿಸ್ತೂಲು. ಅದು ನಮ್ಮ ಮನೆಯಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. "ನಿನ್ನ ಜಾಹೀರಾತಿನಲ್ಲಿ ಇದೊಂದು ಬಿಟ್ಟುಹೋಗಿತ್ತು" ಎಂದರು. ಇವತ್ತು ಆ ಗೋಡೆಯ ಫೋನಿನಿಂದಲೇ ನಿನಗೆ ಕರೆ ಮಾಡುತ್ತೇನೆ. ಮೊದಲು ನಿನ್ನಪ್ಪನೇ ಮಾತಾಡುತ್ತಾರಂತೆ.