ಹಮೀದಾಬಿ ಕೇಳಿದ್ದು

೧೫ ಡಿಸೆಂಬರ್ ೧೯೯೬, ರವಿವಾರ. ಮುನವಳ್ಳಿ.

ಎಂಥ ಥಂಡಿ! ಇಂಥ ರವಿವಾರ ನಾನೂ ಡ್ರೈವರ್ ದಸ್ತಗೀರನೂ ನವಿಲುತೀರ್ಥದ ಹಿನ್ನೀರಿಗೆ ಗಾಳ ಹಾಕಿ, ಸಂಜೆ ಅವನ ಹಿತ್ತಲಲ್ಲಿ ಒಲೆಯ ಸುತ್ತ ಕೂರುತ್ತಿದ್ದೆವು. ಅವನ ಹೆಂಡತಿ ಹಮೀದಾಬಿ ಮೀನು ಹುರಿಯುತ್ತಿದ್ದಳು. ಬೀರು ನನಗೊಬ್ಬನಿಗೇ, ಅವನು ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮೀನೂ ಗೊತ್ತಿಲ್ಲ, ಬೀರೂ ಗೊತ್ತಿಲ್ಲ. ನಾನು ಹಣೆತುಂಬ ವಿಭೂತಿ ಹಚ್ಚುವ ಮಾಸ್ತರ. ಥೂ.

ಹೋದ ರವಿವಾರ ದಂಡೆಯಲ್ಲೇ ಅವನು ಎದೆ ಹಿಡಿದುಕೊಂಡು ಕುಸಿದ. ನಾನು ರಸ್ತೆಗೆ ಓಡಲಿಲ್ಲ. ಬಾಟಲಿಗಳನ್ನು ಉಸುಕಿನಲ್ಲಿ ಹುಗಿದೆ, ಬಲೆಚೀಲದ ಮೀನನ್ನೆಲ್ಲ ನೀರಿಗೆ ಬಿಟ್ಟೆ, ಬಾಯಿ ಮುಕ್ಕಳಿಸಿ ಲವಂಗ ಅಗಿದೆ. ಆಮೇಲೆ ಓಡಿದೆ. "ಹತ್ತು ನಿಮಿಷ ಮೊದಲ ತರಬೇಕಿತ್ರಿ," ಎಂದರು ಡಾಕ್ಟರು.

ಇವತ್ತು ಅವನ ಮನೆಗೆ ಹೋಗಿದ್ದೆ. ಗಂಡ ಸತ್ತ ಮೇಲಿನ ಇದ್ದತ್ತಿನಲ್ಲಿರುವ ಹಮೀದಾಬಿ ಬಾಗಿಲ ಪರದೆಯ ಹಿಂದಿನಿಂದಲೇ ಕೇಳಿದಳು:

"ಅವತ್ತ ಮಸಾಲಿ ಅರದ ಇಟ್ಟಿದ್ದೆ ಮಾಸ್ತರ. ಒಂದೂ ಮೀನ ಸಿಕ್ಕಿದ್ದಿಲ್ಲೇನ್ರಿ?"

"ಇಲ್ಲ ತಂಗಿ, ಒಂದೂ ಸಿಗಲಿಲ್ಲ."

ಐದು ಸಿಕ್ಕಿದ್ದವು. ಬಿಟ್ಟ ಕೂಡಲೇ ಐದೂ ಬಾಲ ಬೀಸಿ ಈಜಿಕೊಂಡು ಹೋದವು. ಕೊನೆಯದು ಕಾಣದಾಗುವವರೆಗೆ ನಾನು ನಿಂತು ನೋಡಿದ್ದೆ.