ಗುಣವಾದನೆಂದು ನೀವು ಬರೆದುಕೊಂಡ ನನ್ನ ತಮ್ಮ

ವಿಪತ್ತು ಪರಿಹಾರ ಇಲಾಖೆಯ ನಿರ್ದೇಶಕರಾದ ಮಾನ್ಯರೇ,

ನನ್ನ ತಮ್ಮ ಗುಣವಾಗಿಲ್ಲ. ಗುಣವಾಗಿದ್ದಾನೆಂದು ನಿಮ್ಮ ಯಂತ್ರ ತೀರ್ಮಾನಿಸಿ, ಅವನನ್ನು ನೋಡಲು ಬರಬೇಕಿದ್ದ ಆಪ್ತಸಮಾಲೋಚಕಿಯನ್ನು ಬರದಂತೆ ಮಾಡಿದೆ. ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಾಯಿತು. ಈಗ ಊರೆಲ್ಲ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸಿಟ್ಟಿನಿಂದಲ್ಲ. ಸಿಟ್ಟು ಬರುವಷ್ಟು ಜೀವ ಈಗ ನನ್ನಲ್ಲಿಲ್ಲ.

ನ್ಯಾಯವಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವಾಹದ ಪರಿಹಾರ ನೇರವಾಗಿ ನಮಗೇ ತಲುಪಿತು, ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಾಗಲಿಲ್ಲ. ಬ್ಲಾಕ್‌ಚೈನ್ ಎಂಬ ಆ ದಾಖಲೆಯಲ್ಲಿ ಒಮ್ಮೆ ಬರೆದದ್ದನ್ನು ಯಾರೂ ತಿದ್ದಲಾರರು, ಆದ್ದರಿಂದ ಯಾರೂ ನುಂಗಲಾರರು ಎಂದಿರಿ. ನಿಜವೇ. ಆದರೆ ಅದೇ ದಾಖಲೆಯಲ್ಲಿ ಮನುಷ್ಯರ ಮನಸ್ಸನ್ನೂ ಬರೆದಿಡಿ ಎಂದು ನಿಮಗೆ ಹೇಳಿಕೊಟ್ಟ ಮಹಾನುಭಾವರು ಯಾರು?

ನನ್ನ ತಮ್ಮ ಬೇಕರಿ ನಡೆಸುತ್ತಿದ್ದವನು. ನೀರು ನುಗ್ಗಿದಾಗ ಅವನ ಹೆಂಡತಿ ನೆಲಮಾಳಿಗೆಯಿಂದ ಮೈದಾ ಮೂಟೆಗಳನ್ನು ಸಾಗಿಸುತ್ತಿದ್ದಳು. ಅವಳು ಮತ್ತೆ ಮೇಲೆ ಬರಲಿಲ್ಲ. ಅಂದಿನಿಂದ ಅವನು ನನ್ನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಾನೆ. ತಟ್ಟೆ ಇಟ್ಟರೆ ತಿನ್ನುತ್ತಾನೆ, ಇಡದಿದ್ದರೆ ಕೇಳುವುದಿಲ್ಲ. ನಿಮ್ಮ ಕೃತಕ ಬುದ್ಧಿಮತ್ತೆ ದಿನಾ ಬೆಳಗ್ಗೆ ಅವನಿಗೆ ಫೋನ್ ಮಾಡಿ, ಬಲು ನಯವಾದ ಹೆಣ್ಣುದನಿಯಲ್ಲಿ "ಹೇಗಿದ್ದೀರಿ?" ಎಂದು ಕೇಳುತ್ತಿತ್ತು.

"ಚೆನ್ನಾಗಿದ್ದೀನಿ ಮೇಡಂ. ನೀವು ಹೇಗಿದ್ದೀರ? ತಿಂಡಿ ಆಯ್ತಾ?"

ಯಂತ್ರಕ್ಕೆ, ಸ್ವಾಮಿ! ಹೇಗಿದ್ದೀರಿ ಎಂದವರಿಗೆ ನಾವು ಬೇರೇನು ಹೇಳುತ್ತೇವೆ? ಮನೆ ಹೊತ್ತಿ ಉರಿಯುತ್ತಿದ್ದರೂ ಚೆನ್ನಾಗಿದ್ದೇವೆ ಎನ್ನುವ ಜನ ನಾವು. ಹಾಗೆಂದವನ ಮುಖ ನೋಡಿ, ಕುರ್ಚಿ ಎಳೆದುಕೊಂಡು ಕೂತು, "ಸರಿ, ಈಗ ಹೇಳು" ಎನ್ನಲು ಎದುರಿಗೆ ಒಬ್ಬರು ಬೇಕು. ನಿಮ್ಮ ಯಂತ್ರ ಬರೆದುಕೊಂಡದ್ದು ಇಷ್ಟು: ಚೇತರಿಕೆ ಪೂರ್ಣ, ಪರರ ಬಗ್ಗೆ ಕಾಳಜಿ ಅತ್ಯುತ್ತಮ.

ತಿದ್ದಿಸಲು ಹೋದೆ. "ಅಕ್ಕಾ, ಅದರಲ್ಲಿ ಸೇರಿದ್ಮೇಲೆ ಮುಗೀತು. ನಿರ್ದೇಶಕರೇ ಬಂದ್ರೂ ಅಳಿಸೋಕಾಗಲ್ಲ" ಎಂದರು ನಿಮ್ಮ ಗುಮಾಸ್ತರು. ಅಳಿಸುವುದು ಬೇಡ, ಕೆಳಗೆ ಹೊಸದೊಂದು ಸಾಲು ಬರೆಯಬಹುದಲ್ಲ ಎಂದೆ. "ಅದಕ್ಕೆ ಯಂತ್ರಾನೇ ಒಪ್ಪಬೇಕು." ಯಂತ್ರ ಮತ್ತೆ ಫೋನ್ ಮಾಡಿತು. ಇವನು ಮತ್ತೆ ಚೆನ್ನಾಗಿದ್ದೀನಿ ಎಂದ. ಅಲ್ಲಿಗೆ ವಿಚಾರಣೆ ಮುಗಿಯಿತು.

ನಿನ್ನೆ ಅವನಿಗೊಂದು ಸಂದೇಶ ಬಂದಿದೆ. ಇಷ್ಟು ಕಾಳಜಿಯುಳ್ಳವನಾದ್ದರಿಂದ, ಸೋಮವಾರದಿಂದ ಉಳಿದ ಸಂತ್ರಸ್ತರಿಗೆ ಸಾಂತ್ವನ ಹೇಳುವ ಸ್ವಯಂಸೇವಕನಾಗಿ ಆಯ್ಕೆಯಾಗಿದ್ದಾನಂತೆ. ಅಭಿನಂದನೆಗಳಂತೆ.

"ಹೋಗ್ತೀಯೇನೋ?" ಎಂದೆ.

"ಕರೆದಿದ್ದಾರಲ್ಲ ಅಕ್ಕ. ಇಲ್ಲ ಅನ್ನೋಕಾಗತ್ತಾ?"

ನಾನು ಹೊಲಿಗೆಗೆ ತಿರುಗಿದೆ. ಸೂಜಿ ಬೆರಳಿಗೆ ಚುಚ್ಚಿಕೊಂಡಿತು, ನೋವೂ ಆಗಲಿಲ್ಲ.

ನನ್ನ ಬೇಡಿಕೆ ಒಂದೇ. ಸೋಮವಾರಕ್ಕೆ ಮುಂಚೆ ಮನುಷ್ಯರೊಬ್ಬರನ್ನು ಕಳಿಸಿ. ದಾಖಲೆ ಏನಾದರೂ ಹೇಳಿಕೊಳ್ಳಲಿ. ಬಂದವರು ಅವನ ಮಾತನ್ನು ನಂಬಿ ಎದ್ದು ಹೋಗುವುದು ಬೇಡ. ನನ್ನ ಇಸ್ತ್ರಿ ಮೇಜಿನ ಕಡೆಗೊಮ್ಮೆ ನೋಡಲಿ. ಸೋಮವಾರ ಹೊರಡಬೇಕೆಂದು ಅವನು ತನ್ನ ಅಂಗಿಯ ಜೊತೆಗೆ ಹೆಂಡತಿಯ ಬಟ್ಟೆಯನ್ನೂ ಇಸ್ತ್ರಿ ಮಾಡಿಟ್ಟಿದ್ದಾನೆ.

ಇಂತಿ,
ನಿಮ್ಮ ಯಂತ್ರ ಇನ್ನೂ ಕ್ಷೇಮ ವಿಚಾರಿಸದ
ಒಬ್ಬ ಅಕ್ಕ