ಫ್ಲಾಪಿ ಮುಗಿದ ಜಾಗ

ಕಾಮಾಕ್ಷಿಪಾಳ್ಯ
೧೪-೨-೧೯೮೯

ಮಾರ್ಗದರ್ಶಕರಾದ ಕೃಷ್ಣಯ್ಯ ಮೇಷ್ಟ್ರಿಗೆ ವಂದನೆಗಳು.

ನನ್ನ ಪಿಎಚ್.ಡಿ. ಪ್ರಬಂಧದ ಫೈಲು ಒಂದೇ ಫ್ಲಾಪಿಯಲ್ಲಿ ಹಿಡಿಸಲಿಲ್ಲವೆಂದು ಕಂಪ್ಯೂಟರಿನ ಬೇಸಿಕ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದು ಅದನ್ನು ತುಂಡು ಮಾಡಿದ್ದೆ. ಅದು ಸಾಲು ಎಣಿಸಿ ಕತ್ತರಿಸುತ್ತದೆ, ಅರ್ಥ ನೋಡುವುದಿಲ್ಲ. ಹಾಗಾಗಿ ತಿದ್ದಲೆಂದು ತಮಗೆ ಕೊಟ್ಟ ಮೊದಲ ತುಂಡು ಅರ್ಧ ವಾಕ್ಯಕ್ಕೇ ಮುಗಿಯುತ್ತದೆ.

ನಿನ್ನೆ ರಾಜಾಜಿನಗರದ ಸೆಮಿನಾರಿನಲ್ಲಿ ತಾವು ಓದಿದ 'ಸ್ವಂತ' ಪ್ರಬಂಧವೂ ಅದೇ ಅರ್ಧ ವಾಕ್ಯಕ್ಕೆ ನಿಂತಿತು. ತಾವು ನೀರು ಕುಡಿದು ಕುಳಿತಿರಿ.

ಮನೆಯಲ್ಲಿ ಹೇಳಿದರೆ ಅಮ್ಮ, "ಪಾಪ, ಮೇಷ್ಟ್ರಿಗೆ ಬಾಯಾರಿಕೆ ಆಗಿರ್ಬೇಕು ಕಣೇ," ಅಂದರು. ನಾನೂ ಹಾಗೇ ನಂಬಲು ಪ್ರಯತ್ನಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆಯೇ ಎರಡನೆಯ ತುಂಡು ಬೇಕೆಂದು ಹೇಳಿ ಕಳಿಸಿದ್ದೀರಿ. ಮೊದಲನೆಯದು ಗಂಗಲಕ್ಷ್ಮಿಯದೆಂದು ಬರೆದು, ಸಹಿ ಹಾಕಿ ಕಳಿಸಿಕೊಡಿ. ವಾಕ್ಯದ ಉಳಿದರ್ಧವನ್ನು ನಾನೇ ತಂದುಕೊಡುತ್ತೇನೆ.

ಇನ್ನೂ ತಮ್ಮ ವಿದ್ಯಾರ್ಥಿನಿಯೇ ಆದ,
ಗಂಗಲಕ್ಷ್ಮಿ